ಅಗಿದು ತಿಂದ ಮುದ್ದೆ

ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ತುಮಕೂರಿನಲ್ಲೇ ಹುಟ್ಟಿ, ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಶಿರಾ ಗೇಟ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಜನರ ಮನಸ್ಸಿನೊಳಗೆ ಇಣುಕುತ್ತ ಕೂತವನಿಗೆ ಈ ಒಂದು ವಿದ್ಯೆ ಮಾತ್ರ ಕೈ ಹತ್ತಲಿಲ್ಲ. ನಮ್ಮದು ಅನ್ನದ ಮನೆ. ಬಾಯಿಗೆ ಏನೇ ಬೀಳಲಿ, ನನ್ನ ಹಲ್ಲುಗಳು ನನ್ನನ್ನು ಕೇಳದೆ ಕೆಲಸ ಶುರು ಮಾಡುತ್ತವೆ. ಹಾಸ್ಟೆಲಿನ ಗೆಳೆಯರು ಇದಕ್ಕೆ ನಕ್ಕಾಗ ನಾನೂ ನಕ್ಕಿದ್ದೆ. ಎಂಬತ್ತರ ದಶಕದ ಆ ಒಂದು ಮಧ್ಯಾಹ್ನದ ನಂತರ ನಗು ಬರುವುದಿಲ್ಲ.

ಹೆಬ್ಬೂರಿನಾಚೆ, ಕುಣಿಗಲ್ ರಸ್ತೆಯ ಹಳ್ಳಿಯೊಂದರಿಂದ ರಂಗಸ್ವಾಮಿ ಎಂಬಾತನನ್ನು ಅವನ ಅಣ್ಣ ಕ್ಲಿನಿಕ್ಕಿಗೆ ಕರೆತರುತ್ತಿದ್ದ. ಅತ್ತಿಗೆ ತನ್ನ ಊಟದಲ್ಲಿ ಏನೋ ಬೆರೆಸುತ್ತಾಳೆ ಎಂಬುದು ರಂಗಸ್ವಾಮಿಯ ನಂಬಿಕೆ. ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟರೆ, "ತಲೆ ನೆಟ್ಟಗಿರೋನಿಗ್ಯಾಕೆ ಮಾತ್ರೆ" ಎಂದು ಎದ್ದು ಹೋಗಿದ್ದ. ಆಮೇಲೆ ಅಣ್ಣನೇ ಬಂದು ತಪ್ಪದೆ ಮಾತ್ರೆ ಒಯ್ಯತೊಡಗಿದ. ತಮ್ಮ ಒಪ್ಪಿದ್ದಾನೆಂದು ನಾವು ತಿಳಿದೆವು. ರಂಗಸ್ವಾಮಿಗೆ ಬುದ್ಧಿ ಹೇಳುವ ಕೆಲಸ ನನ್ನದು. ಊಟದಲ್ಲಿ ಏನೂ ಇಲ್ಲ, ಅದು ನಿನ್ನ ಮನಸ್ಸಿನ ಆಟ ಎಂದು ಅವನಿಗೆ ಬಗೆಬಗೆಯಾಗಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, "ಹಂಗಾರೆ ಒಂದಿನ ಬಂದು ನಮ್ಮನೇಲಿ ಉಣ್ಣಿ ಡಾಕ್ಟ್ರೇ" ಅಂದ. ನಾನು ಡಾಕ್ಟರಲ್ಲ ಎಂದು ಹೇಳುವುದನ್ನು ಎಂದೋ ಬಿಟ್ಟಿದ್ದೆ. ಹೋದೆ.

ಹೋದೊಡನೆ ಅವನೇ ಎಳನೀರು ಕೊಚ್ಚಿ ಕೊಟ್ಟ. ಊಟಕ್ಕೆ ಕೂತಾಗ ಮಚ್ಚು ಅವನ ಮಂಡಿಯ ಪಕ್ಕದಲ್ಲೇ ಇತ್ತು. ಅತ್ತಿಗೆ ಕೆಂಪಮ್ಮ ಮುದ್ದೆ ಇಟ್ಟು ಸಾರು ಬಿಡುವಷ್ಟರಲ್ಲಿ ಅವನು ತನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿ, ನನ್ನದನ್ನು ಎಳೆದುಕೊಂಡ. "ನೀವು ಇದ್ರಲ್ಲಿ ಉಣ್ಣಿ."

"ಅಯ್ಯೋ, ಬ್ಯಾಡ ಕಣಪ್ಪ, ಎಂಥದಿದು" ಎಂದ ಕೆಂಪಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಪಾಪ, ನಾಚಿಕೆ ಎಂದುಕೊಂಡೆ. ಮುಖ ನೋಡಿ ಮನಸ್ಸು ಓದುವುದು ನನ್ನ ಕಸುಬು.

ಮೂರನೆಯ ತುತ್ತಿಗೆ ಹಲ್ಲಿನಡಿ ಕಟಕ್ಕೆಂದಿತು. ಹಿಂದೆಯೇ ನಾಲಗೆಗೆ ಕಹಿ. ಅಣ್ಣ ಒಯ್ಯುತ್ತಿದ್ದ ಆ ಮಾತ್ರೆಯ ಕಹಿ ಎಂಥದೆಂದು ಕ್ಲಿನಿಕ್ಕಿನಲ್ಲಿ ಎಲ್ಲರೂ ಬೈಯುವುದನ್ನು ಕೇಳಿದ್ದೆ, ಈಗ ಕಂಡೆ. ನುಂಗುವ ಜನರ ಮನೆಯಲ್ಲಿ ಅದು ಎಂದಿಗೂ ಸಿಕ್ಕಿಬೀಳುತ್ತಿರಲಿಲ್ಲ.

"ಏನ್ ಸಿಕ್ತು ಡಾಕ್ಟ್ರೇ?" ರಂಗಸ್ವಾಮಿಯ ಕೈ ಮಚ್ಚಿನ ಹಿಡಿಯ ಮೇಲಿತ್ತು. ಕಣ್ಣು ಅತ್ತಿಗೆಯ ಮೇಲೆ. ರೋಗಿಗೆ ಸುಳ್ಳು ಹೇಳಬಾರದೆಂದು ಕಾಲೇಜಿನಲ್ಲಿ ಕಲಿಸಿದ್ದರು. ಕಲಿಸಿದವರ ಪಕ್ಕದಲ್ಲಿ ಮಚ್ಚಿರಲಿಲ್ಲ.

"ಕಲ್ಲು ಕಣಪ್ಪ. ರಾಗೀದು" ಎಂದು ನುಂಗಿದೆ. ಜೀವನದಲ್ಲಿ ಮೊದಲ ಸಲ ಅಗಿಯದೆ ನುಂಗಿದ್ದು ಆ ತುತ್ತನ್ನೇ.

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಕೊನೆಗೆ ಮಚ್ಚನ್ನು ಅತ್ತ ಸರಿಸಿದ. "ಡಾಕ್ಟ್ರಿಗೇ ಕಲ್ ಹಾಕ್ದ್ಯಲ್ಲ ಅತ್ತಿಗೆ" ಎಂದು ನಗಲು ಹೋಗಿ ಅತ್ತುಬಿಟ್ಟ. "ಸುಮ್ಸುಮ್ನೆ ನಿನ್ಮೇಲೆ ಅನ್ಮಾನ ಪಟ್ಬುಟ್ಟೆ. ತೆಪ್ಪಾಯ್ತು" ಎಂದು ಅವಳ ಕಾಲು ಹಿಡಿದ. ಸರಿಯಾಗಿ ಹೇಳಿದ್ದ ಒಬ್ಬನೇ ಒಬ್ಬ, ತಪ್ಪಾಯಿತೆಂದು ಕಾಲಿಗೆ ಬಿದ್ದಿದ್ದ. ನಾನು ಮಜ್ಜಿಗೆ ಕೇಳಿದೆ.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದು, ಬಸ್ಸಿಗೆ ಬಿಡಲು ಬಂದ ಅಣ್ಣನಿಗೆ, ಇನ್ನಾದರೂ ಅವನಿಗೆ ನಿಜ ಹೇಳಿ ಮಾತ್ರೆ ಕೊಡಿ ಅಂದೆ. "ಈಗೆಂಗ್ ಸಾ ಹೇಳಾದು? ನೀವೇ ಕಲ್ಲು ಅಂದ್ಬುಟ್ರಲ್ಲ" ಅಂದ. ಬಸ್ಸು ಹತ್ತಿದೆ. ನುಂಗಿದ ಮಾತ್ರೆ ಕೂತೊಡನೆ ನಿದ್ದೆ ತಂದಿತು. ಶಿರಾ ಗೇಟಿನಲ್ಲಿ ಇಳಿಯಬೇಕಾದವನನ್ನು ಕಂಡಕ್ಟರು ಶಿರಾದಲ್ಲಿ ಎಬ್ಬಿಸಿ, "ಏನ್ ಸಾ, ಹಗಲೊತ್ನಲ್ಲೇ ಹಾಕ್ಬುಟ್ಟಿದೀರಾ?" ಎಂದ.

ರಂಗಸ್ವಾಮಿ ಬರಬರುತ್ತ ಗೆಲುವಾದ. ಮಾತ್ರೆಯಿಂದಲೋ, ನನ್ನ ಸುಳ್ಳಿನಿಂದಲೋ, ಗೊತ್ತಿಲ್ಲ. ಪೇಟೆಗೆ ಬಂದಾಗಲೆಲ್ಲ ಕ್ಲಿನಿಕ್ಕಿನ ಬಾಗಿಲಲ್ಲಿ ಎಳನೀರು ಕೊಚ್ಚಿ ಕೊಡುತ್ತಿದ್ದ. "ನೀವೊಬ್ರೇ ಸಾ ನಂಗ್ ನಿಜ ಹೇಳಿದ್ದು." ನಾನು ಎಳನೀರನ್ನು ಕೈಯಲ್ಲಿ ಹಿಡಿದು, ಮಚ್ಚನ್ನು ನೋಡುತ್ತ, "ಮೊದಲು ನೀನು ಒಂದು ಗುಟುಕು ಕುಡಿಯಪ್ಪ" ಎನ್ನುತ್ತಿದ್ದೆ. ಅವನು ಅದನ್ನು ಪ್ರೀತಿಯೆಂದು ತಿಳಿದು ಕುಡಿಯುತ್ತಿದ್ದ.