ಗೋಡೆಯ ಮೇಲೆ ಎಂಟು ಖಾಲಿ ಗೆರೆ

ನನ್ನ ಸೋದರಮಾವನಿಗೆ ಯಾರಿಗೂ ಕೆಲಸ ಹೇಳಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮಣಿಪಾಲದ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಕಂಪ್ಯೂಟರಿಗೆ ಕೆಲಸ ಹೇಳುವುದೇ ಅವರ ಹೊಟ್ಟೆಪಾಡು! ಎರಡು ಸಾವಿರದ ಇಸವಿಯ ನಂತರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಪರದೆಗೆ ಹೀಗೆ ಮಾಡು, ಹಾಗೆ ಮಾಡು ಎನ್ನಬಾರದು, ಕೊನೆಗೆ ಏನು ಕಾಣಬೇಕೆಂದು ಬರೆದಿಟ್ಟರೆ ಸಾಕು ಎಂಬ ಹೊಸ ವಿದ್ಯೆ ಅವರಿಗೆ ಸಿಕ್ಕಿತ್ತು. ಅದು ಕಚೇರಿಯಲ್ಲೇ ಉಳಿದೀತೇ? ಬನ್ನಂಜೆಯ ಮನೆಗೂ ಬಂತು.

"ಮೇಜಿನ ಮೇಲೆ ಒಂದು ಲೋಟ ಚಹಾ ಇರಬೇಕು," ಎಂದರು ಒಂದು ಸಂಜೆ, ಗೋಡೆ ನೋಡಿಕೊಂಡು.

"ಇರಲಿ," ಎಂದರು ಅತ್ತೆ, ಟಿವಿ ನೋಡಿಕೊಂಡು.

ಚಹಾ ಬರಲಿಲ್ಲ.

ಕಾಪುವಿನ ಒಂದು ಕ್ಲಿನಿಕ್ಕಿಗೆ ಮಾವ ಸರದಿ ತೋರಿಸುವ ಪರದೆ ಮಾಡಿಕೊಟ್ಟರು. ಕೌಂಟರಿನ ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿ, ಹೊರಗಿನ ಗೋಡೆಯ ಮೇಲೆ ಅವರ ಹೆಸರು. ಸರಿಹೋದರೆ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಬಿಚ್ಚಿಕೊಂಡು ಹೋಗಿ ಎಂದಿದ್ದರು ಡಾಕ್ಟರು. ಧೈರ್ಯಕ್ಕೆ ನನ್ನನ್ನೂ ಕರೆದೊಯ್ದ ಮಾವ ಸ್ವಿಚ್ ಹಾಕಿದರು. ಎಂಟು ಗೆರೆ ಬಂದವು. ಎಂಟೂ ಖಾಲಿ!

ಕೌಂಟರಿನ ಸಿಸ್ಟರ್ ಕನ್ನಡಕ ಏರಿಸಿದರು. "ಗೆರೆ ಉಂಟು, ಹೆಸರು ಎಲ್ಲಿ ಮಾರಾಯ್ರೆ?"

"ಪಟ್ಟಿ ಸರಿಯೇ ಉಂಟು. ಅದರಲ್ಲಿ ಹೆಸರು ಯಾವುದು, ನಂಬರು ಯಾವುದು ಅಂತ ಪರದೆಗೆ ತಿಳಿಸಲು ಮರೆತೆ."

"ಹಾಗಾದರೆ ತಿಳಿಸಿ. ಡಾಕ್ಟರು ಈಗ ಬರ್ತಾರೆ."

ಮಾವ ಲ್ಯಾಪ್‌ಟಾಪ್ ಬಿಚ್ಚಿ ನೆಲದ ಮೇಲೆಯೇ ಕೂತು, ಬೆವರು ಒರೆಸಿಕೊಳ್ಳುತ್ತಾ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದರು. ಡಾಕ್ಟರು ಚಪ್ಪಲಿ ಬಿಡುವಷ್ಟರಲ್ಲಿ ಎಂಟು ಹೆಸರೂ ಗೋಡೆಗೆ ಬಂದವು. ಮೊದಲನೆಯವರು ತೋರಿಸಿಕೊಂಡು ಹೋದೊಡನೆ ಸಿಸ್ಟರ್ ಪಟ್ಟಿಯಿಂದ ಅವರನ್ನು ತೆಗೆದರು. ಗೋಡೆಯ ಮೇಲಿನ ಹೆಸರು ತಾನಾಗಿ ಅಳಿಸಿಹೋಯಿತು, ಕೆಳಗಿನವು ಮೇಲೇರಿದವು. "ಇದು ಇರಲಿ," ಎಂದರು ಡಾಕ್ಟರು.

"ಮುಂದಿನವರು ಬನ್ನಿ," ಎಂದರು ಸಿಸ್ಟರ್. ಯಾರೂ ಏಳಲಿಲ್ಲ. ಬೆಂಚಿನ ತುದಿಯಲ್ಲಿ ಉದ್ಯಾವರದ ಕಟ್ಟಡ ಕೆಲಸಕ್ಕೆ ಬಂದಿದ್ದ ಬಯಲುಸೀಮೆಯ ಹೆಂಗಸೊಬ್ಬಳು ಗೋಡೆಯನ್ನೇ ನೋಡುತ್ತಾ ತುಟಿ ಆಡಿಸುತ್ತಿದ್ದಳು. ನಾನು ಹೇಳಿಕೊಡಲು ಹೋದೆ. ಮಾವ ನನ್ನ ತೋಳು ಹಿಡಿದರು.

"ಯ... ಲ್ಲ... ವ್ವ," ಎಂದಳು ಅವಳು. ಆಮೇಲೆ ಮಾವನ ಕಡೆ ತಿರುಗಿ, "ನಂದೇ ಹೆಸ್ರು ಐತ್ರಿ. ನಾ ಸಾಲಿಗೆ ಹೋದಾಕಿ ಅಲ್ಲ, ನನ್ನ ಮಗಳು ಕಲಿಸ್ಯಾಳ," ಎಂದು ಒಳಗೆ ಹೋದಳು.

ಮಾವ ಕೌಂಟರಿಗೆ ಬಗ್ಗಿ ಮೆಲ್ಲಗೆ ಹೇಳಿದರು: "ಸಿಸ್ಟರ್, ಇವರು ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಹೆಸರು ತೆಗೆಯಬೇಡಿ. ಇನ್ನೊಮ್ಮೆ ಓದಿಕೊಳ್ಳಲಿ."