ತೈವಾನಿಗೆಂದು ತುಂಬಿಸಿದ ಹಳ್ಳ

ರಾಜಾನುಕುಂಟೆಯ ಲಕ್ಕಣ್ಣನಿಗೆ ಉಳಿದಿದ್ದ ಜಮೀನು ಒಂದೇ ತುಂಡು. ಅರ್ಧಕ್ಕರ್ಧ ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟುಹೋದ ಒಣಹಳ್ಳ. ಉಳಿದರ್ಧದಲ್ಲಿ ಹೆಂಡತಿ ಮರಿಯಮ್ಮನ ಕನಸಿನ ಮನೆ. ಶುಕ್ರವಾರ ಗುದ್ದಲಿ ಪೂಜೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಬೆಳಬೆಳಗ್ಗೆ ಬ್ರೋಕರ್ ಅಶ್ವತ್ಥ್ ಬಂದು ವಕ್ಕರಿಸಿದ.

"ಪೂಜೆ ಗೀಜೆ ನಿಲ್ಸಣ್ಣ! ಮೊಬೈಲು, ಕಾರು, ಮಿಸೈಲು, ಎಲ್ಲದ್ರಾಗೂ ಇರೋ ಚಿಪ್ಪು ಮಾಡೋರು ತೈವಾನ್‌ನೋರು. ಅವ್ರ ಮೇಲೆ ಚೀನಾ ಕಣ್ಣು ಬಿದ್ದೈತೆ. ಅದಕ್ಕೇ ಫ್ಯಾಕ್ಟರಿಗೆ ಬೇರೆ ದೇಶದಾಗೆ ಜಾಗ ನೋಡ್ತಾವ್ರೆ. ಇವತ್ತು ನಮ್ ಕಡೆ ಬರ್ತಾರಂತೆ!"

"ನಮ್ಮ ಅಳ್ಳ ನೋಡಿ ಏನ್ ಮಾಡ್ತಾರೋ?"

"ಚಿಪ್ಪು ತೊಳಿಯೋಕೆ ನದಿಯಷ್ಟು ನೀರು ಬೇಕು. ನೀರು ತೋರಿಸ್ದೋನೇ ಗೆದ್ದ, ಗುರು!"

ಚೀನಾ ದಂಡೆತ್ತಿ ಬಂದರೆ ಲೋಕದ ಗತಿಯೇನೆಂಬ ಚಿಂತೆ ಲಕ್ಕಣ್ಣನಿಗೆ ಎಳ್ಳಷ್ಟೂ ಇರಲಿಲ್ಲ. ಮನೆಯ ಸಿಮೆಂಟಿಗೆಂದು ಇಟ್ಟಿದ್ದ ಹಣದಲ್ಲಿ ಟ್ಯಾಂಕರ್ ಮೇಲೆ ಟ್ಯಾಂಕರ್ ತರಿಸಿ ಹಳ್ಳ ತುಂಬಿಸಿದ. ಮರಿಯಮ್ಮ ಬೈದು ಬೈದು ಸುಸ್ತಾದಳು. ಫ್ಯಾಕ್ಟರಿ ಬಂದರೆ ಮಕ್ಕಳಿಗೆ ಕೆಲಸವೆಂದು ಊರೇ ನೆರವಿಗೆ ನಿಂತಿತು. ಪಕ್ಕದ ಮನೆಯ ಮುನಿಕೆಂಪಮ್ಮ ತನ್ನ ಬಾತುಕೋಳಿಗಳನ್ನು ನೀರಿಗಿಳಿಸಿದರೆ, ಪೂಜಾರಿ ಮಹಾಲಿಂಗಪ್ಪ ಗುಡಿಯ ತಾವರೆಗಳನ್ನು ತಂದು ತೇಲಿಬಿಟ್ಟ.

ಮಧ್ಯಾಹ್ನ ಜೀಪೊಂದು ಬಂತು. ಟೋಪಿ ಹಾಕಿದ ಅಧಿಕಾರಿ ಇಳಿದು ಅಚ್ಚಗನ್ನಡದಲ್ಲೇ ಕೇಳಿದರು: "ಈ ನೀರು ಯಾವಾಗಿಂದ ಇದೆ?"

"ಇವ್ರು ಮುಂಚೆ ಬಂದು ನೋಡೋರು, ತೈವಾನ್‌ನೋರು ಇವ್ರ ಹಿಂದ್ಗಡೆ ಬರ್ತಾರೆ," ಎಂದು ಅಶ್ವತ್ಥ್ ಪಿಸುಗುಟ್ಟಿದ.

"ನಮ್ ತಾತನ ಕಾಲದಿಂದ ಐತೆ ಸ್ವಾಮಿ! ಬ್ಯಾಸ್ಗೇಲೂ ಬತ್ತಲ್ಲ," ಎಂದ ಲಕ್ಕಣ್ಣ.

"ಚಿಕ್ಕೋಳಿದ್ದಾಗ ನಾನೇ ಇದರಾಗೆ ಈಜಿದೀನಿ," ಎಂದಳು ಮುನಿಕೆಂಪಮ್ಮ. ಅಧಿಕಾರಿ ಚಾಚಿದ ಹೇಳಿಕೆಯ ಕಾಗದಕ್ಕೆ ಕೇಳಿದ ಕಡೆಯೆಲ್ಲ ಎಲ್ಲರೂ ಸಹಿ ಹಾಕಿದರು.

ಅಧಿಕಾರಿಯ ಕಣ್ಣು ತುಂಬಿ ಬಂತು. "ನಾವು ಕೆರೆ ಸರ್ವೆಯವರು. ಎಲ್ಲಾ ಕಡೆ ಕೆರೆ ಮುಚ್ಚಿ ಸೈಟ್ ಮಾಡ್ತಾರೆ. ನಕ್ಷೇಲೇ ಇಲ್ಲದ ಕೆರೇನ ಕಾಪಾಡಿರೋರು ನೀವೊಬ್ರೇ! ಇನ್ಮೇಲೆ ಇದರ ಸುತ್ತ ಯಾರೂ ಒಂದು ಇಟ್ಟಿಗೇನೂ ಇಡೋಹಾಗಿಲ್ಲ. ಬತ್ತಿಸಿದ್ರೆ ಕೇಸು."

"ಸ್ವಾಮಿ, ಅದು ಟ್ಯಾಂಕರ್..." ಎಂದು ಲಕ್ಕಣ್ಣ ಬಾಯಿ ತೆರೆಯುವಷ್ಟರಲ್ಲಿ ಅಶ್ವತ್ಥ್ ಅವನ ಕಾಲು ತುಳಿದ. "ಸುಮ್ನಿರಣ್ಣ! ಸುಳ್ಳು ಸಾಕ್ಷಿಗೆ ಊರೆಲ್ಲ ಒಳಗೋಗ್ತೀವಿ."

ತೈವಾನಿನವರು ಬರಲೇ ಇಲ್ಲ. ಶುಕ್ರವಾರ ಅದೇ ಅಧಿಕಾರಿ ಮುಂದೆ ನಿಂತು, ಗುದ್ದಲಿ ಪೂಜೆಗೆಂದು ತಂದಿದ್ದ ಹೂವು ಹಣ್ಣಿನಲ್ಲೇ ಮರಿಯಮ್ಮನ ಕೈಯಿಂದ ಹೊಸ ಕೆರೆಗೆ ಬಾಗಿನ ಬಿಡಿಸಿದರು. ಊರವರು ಚಪ್ಪಾಳೆ ತಟ್ಟಿದರು. ಬಾಗಿನದ ಮೊರ ತೇಲಲಿಲ್ಲ. ಕೆಸರಿಗೆ ತಗಲಿ ಅಲ್ಲೇ ಕೂತಿತು.

ಮರಿಯಮ್ಮ ಗಂಡನ ಕಿವಿಯ ಹತ್ತಿರ ಬಂದಳು. "ನೀರೆಲ್ಲ ಇಂಗೋಗೈತೆ. ಸಾಹೇಬ್ರು ಈ ಕಡೆ ತಿರುಗೋಕ್ ಮುಂಚೆ ಇನ್ನೆರಡ್ ಟ್ಯಾಂಕರ್ ತರ್ಸೋಗಿ!"