ಅತ್ತೆಯ ಇಂಗ್ಲಿಷ್, ಟರ್ಕಿಯ ಗೆಳತಿ

ಭದ್ರಾವತಿಯ ನಮ್ಮ ಸೋದರತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಈ ವಿಷಯ ಊರಿಗೆಲ್ಲ ಗೊತ್ತು, ಅವರೊಬ್ಬರನ್ನು ಬಿಟ್ಟು! ಶಿವಮೊಗ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಇಂಥವರ ಅಣ್ಣನ ಮಗಳು. ನನ್ನ ಪಾಡು ಯೋಚಿಸಿ.

ಉಲ್ಲನ್ ಹೆಣೆಯುವುದು ಅತ್ತೆಯ ಹುಚ್ಚು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಅವರು ಹೊತ್ತು ತಂದ ದಾರವನ್ನೆಲ್ಲ ಬಿಚ್ಚಿದರೆ ಶಂಕರಘಟ್ಟಕ್ಕೆ ಹೋಗಿ ವಾಪಸ್ ಬಂದೀತು. ಅವರ ಮನೆಯಲ್ಲಿ ಮಿಕ್ಸಿಗೂ ಸ್ವೆಟರ್ ಇದೆ ಎಂದರೆ ನಂಬುತ್ತೀರಾ?

ಎರಡು ವರ್ಷದ ಹಿಂದೆ ಅತ್ತೆ ಆನ್‌ಲೈನ್ ಹೆಣಿಗೆ ಗುಂಪೊಂದನ್ನು ಸೇರಿದರು. ಅಲ್ಲಿ ಟರ್ಕಿಯ ಹೆಂಗಸೊಬ್ಬಳು ಗೆಳತಿಯಾದಳು. ಆಕೆಯ ಇಂಗ್ಲಿಷ್ ಅತ್ತೆಯ ಇಂಗ್ಲಿಷಿಗೆ ಒಡಹುಟ್ಟಿದ್ದು! ಒಂದು ದಿನ ಆಕೆ, "ಟುಡೇ ಮೈ ವುಲ್ ಆಂಗ್ರಿ" ಎಂದು ಬರೆದಳು. ಅತ್ತೆ ಒಡನೆಯೇ, "ಮೈ ವುಲ್ ಯೆಸ್ಟರ್ಡೇ ಆಂಗ್ರಿ" ಎಂದರು.

"ಉಲ್ಲನ್ನಿಗೆ ಸಿಟ್ಟು ಬರುತ್ತಾ ಅತ್ತೆ?" ಬಿದ್ದು ಬಿದ್ದು ನಕ್ಕೆ.

"ದಾರ ಸಿಕ್ಕಾಗಿದೆ ಅಂತ ಅರ್ಥ ಮಾರಾಯ್ತಿ! ಅಷ್ಟೂ ತಿಳಿಯಲ್ವಾ? ಅದೇನು ಪಾಠ ಮಾಡ್ತೀಯೋ!"

ಮಾನ ಕಾಪಾಡೋಣವೆಂದು ಒಮ್ಮೆ ಅತ್ತೆಯ ಉತ್ತರವನ್ನು ನಾನೇ ಶುದ್ಧ ವ್ಯಾಕರಣದಲ್ಲಿ ಬರೆದು ಕಳಿಸಿದೆ. ಮರುಕ್ಷಣ ಬಂತು ಜವಾಬು: "ಹೂ ಆರ್ ಯೂ? ವೇರ್ ಮೈ ಫ್ರೆಂಡ್?"

ಇಬ್ಬರೂ ಒಂದೊಂದು ವಾಕ್ಯಕ್ಕೆ ಹತ್ತು ನಿಮಿಷ ಕಾಯುತ್ತಿದ್ದರು. ಇಷ್ಟು ತಾಳ್ಮೆ ಎಲ್ಲಿಂದ ಎಂದು ಕೇಳಿದೆ.

"ಮದುವೆಯಾಗಿ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ ಪಕ್ಕದ ಮನೆಯಮ್ಮನಿಗೆ ತಮಿಳು ಬಿಟ್ರೆ ಏನೂ ಬರ್ತಿರ್ಲಿಲ್ಲ. ನನ್ನ ಬಾಣಂತನ ಮಾಡಿದ್ದು ಅವರೇ ಕಣೇ. ತಿಳಿಯೋ ತನಕ ಕೇಳ್ಬೇಕು, ಅಷ್ಟೆ."

ಹೋದ ಚಳಿಗಾಲದಲ್ಲಿ ಟರ್ಕಿಯಾಕೆ ಗುಂಪಿನಲ್ಲಿ, "ಐ ಫಿನಿಶ್" ಎಂದು ಬರೆದಳು. ಹೆಬ್ಬೆಟ್ಟು, ಹೂಗುಚ್ಛಗಳ ಸುರಿಮಳೆ! ಸ್ವೆಟರ್ ಮುಗಿಸಿದಳೆಂದು ನಾನೂ ಖುಷಿಪಟ್ಟೆ. ಅತ್ತೆಯ ಮುಖ ಮಾತ್ರ ಸಪ್ಪಗಾಯಿತು.

"ಮುಗಿಸಿದ್ರೆ ಫೋಟೋ ಹಾಕ್ತಿದ್ಲು ಕಣೇ."

ಆಕೆಗೇ ಬರೆದರು: "ವಾಟ್ ಫಿನಿಶ್? ಸ್ವೆಟರ್? ಯೂ?"

ಅರ್ಧ ಗಂಟೆ ಕಾದರು. ಕಾಫಿ ಆರಿಹೋಯಿತು. ಕೊನೆಗೆ ಬಂತು: "ಮೀ. ಹ್ಯಾಂಡ್ ಶೇಕ್. ಡಾಕ್ಟರ್."

"ಡಾಕ್ಟರಿಗೆ ಶೇಕ್‌ಹ್ಯಾಂಡ್ ಕೊಟ್ಳಂತೆ!" ಎಂದೆ ನಾನು, ಇಂಗ್ಲಿಷ್ ಅಧ್ಯಾಪಕಿ.

ಅತ್ತೆ ನಗಲಿಲ್ಲ. "ಕೈ ನಡುಗ್ತಿದೆ ಅಂತಿದಾಳೆ ಕಣೇ. ಇನ್ನು ಹೆಣೆಯೋಕಾಗಲ್ಲ ಅಂತ."

ದಪ್ಪ ಕಡ್ಡಿಯಾದರೆ ನಡುಗುವ ಕೈಗೂ ಹಿಡಿತ ಸಿಕ್ಕೀತೆಂದು ಅತ್ತೆ ಒಂದೊಂದೇ ಅಕ್ಷರ ಒತ್ತಿದರು: "ಬಿಗ್ ಸ್ಟಿಕ್. ಫ್ಯಾಟ್ ವುಲ್. ಸ್ಲೋ. ಐ ಸಿಟ್ ವಿತ್ ಯೂ."

ಮಾರನೆಯ ದಿನದಿಂದ ಮಧ್ಯಾಹ್ನ ವಿಡಿಯೋ ಕರೆ ಶುರುವಾಯಿತು. ಆಕೆಯ ನಡುಗುವ ಕೈಯಿಂದ ಕುಣಿಕೆ ಜಾರಿದಾಗಲೆಲ್ಲ ಅತ್ತೆ ತಾವು ಹೆಣೆದಿದ್ದನ್ನೂ ಸರಕ್ಕನೆ ಬಿಚ್ಚಿ, "ಮೀ ಆಲ್ಸೊ!" ಎನ್ನುತ್ತಿದ್ದರು. ಐವತ್ತು ವರ್ಷ ಹೆಣೆದ ಕೈ, ಬೇಕೆಂದೇ ತಪ್ಪುತ್ತಿತ್ತು!

ಮೊನ್ನೆ ಭಾನುವಾರ ಆಕೆ ನಾಲ್ಕು ಬೆರಳಗಲದ ಸೊಟ್ಟ ಪಟ್ಟಿಯೊಂದನ್ನು ಎತ್ತಿ ತೋರಿಸಿದಳು. ಅತ್ತೆಗೆ ಇಂಗ್ಲಿಷ್ ಮರೆತೇಹೋಯಿತು. "ಭೇಷ್ ಕಣೇ, ಭೇಷ್!" ಎಂದರು. ಆಕೆ ಅಳುತ್ತಾ ನಗುತ್ತಾ ತನ್ನ ಭಾಷೆಯಲ್ಲೇ ಏನೋ ಹೇಳತೊಡಗಿದಳು. ಅತ್ತೆ, "ಹೂಂ, ಹೂಂ" ಎನ್ನುತ್ತಾ ಕೊನೆಯವರೆಗೂ ಕೇಳಿದರು. ನಾನು ಫೋನು ಅಲುಗದಂತೆ ಹಿಡಿದುಕೊಂಡು ಕೂತಿದ್ದೆ.